ಪಾಪಕ್ಕನ ಬೋಣಿ

ಆ ಮನೆಯೊಳಗೆ ಫೋನಿಗೆ ಸಿಗ್ನಲ್ ಸಿಗುತ್ತಿದ್ದುದು ಒಂದೇ ಕಡೆ, ಉಗ್ರಾಣದ ಕಿಟಕಿಯಲ್ಲಿ. ಮೇಲೆ ಕಲ್ಲುಚಪ್ಪಡಿಯ ಸೂರು, ಸುತ್ತ ಮೊಳದಗಲದ ಗೋಡೆ. ನಡುಮನೆಗಾಗಲಿ ಅಡುಗೆಮನೆಗಾಗಲಿ ಯಾವ ಟವರೂ ಇಣುಕುತ್ತಿರಲಿಲ್ಲ. ಜಗಲಿಯ ಮೇಲೆ ಸಿಗುತ್ತಿತ್ತು ನಿಜ, ಆದರೆ ಜಗಲಿ ಮಾವ ಮುನಿಸ್ವಾಮಪ್ಪನವರದು. ಡೇರಿಗೆ ಹಾಲು ಹಾಕಿ ಬಂದ ಅವರ ಸ್ನೇಹಿತರು ಅಲ್ಲಿ ಹೊತ್ತು ನೆತ್ತಿಗೆ ಬರುವ ತನಕ ಕೂತಿರುತ್ತಿದ್ದರು. ಹಾಗಾಗಿ ಕಲ್ಪನ ಒಂಬತ್ತು ದಿನಗಳಿಂದ ಉಗ್ರಾಣದ ಕಿಟಕಿಗೇ ಅಂಟಿಕೊಂಡಿದ್ದಳು. ಫೋನನ್ನು ಎರಡು ಕಂಬಿಗಳ ನಡುವೆ ಸಿಕ್ಕಿಸಿ, ಅದರ ಕೆಳಗೇ ಚಾಪೆ ಹಾಸಿ, ರಾಗಿ ಹಿಟ್ಟು ಜರಡಿ ಹಿಡಿಯುವುದು, ಪೊಟ್ಟಣ ಕಟ್ಟುವುದು, ಹತ್ತು ತಿಂಗಳ ಚೈತ್ರಳಿಗೆ ಹಾಲು ಕೊಡುವುದು ಎಲ್ಲವೂ ಅಲ್ಲೇ ನಡೆಯುತ್ತಿದ್ದವು.

ಫೋನು ಕಂಬಿಯ ನಡುವೆ ಗಡಗಡ ನಡುಗಿತು. ಮಗುವನ್ನು ಎತ್ತಿಕೊಂಡೇ ಕಲ್ಪನ ಎದ್ದಳು.

"ಅಲೋ, ರಾಗಿ ಮೇಡಮ್ಮಾ?"

"ಹೌದು, ಹೇಳಿ ಸಾರ್."

"ನಾನು ಕಾಮಸಮುದ್ರದಿಂದ ಮಾತಾಡ್ತಾ ಇವ್ನಿ. ನಿಮ್ಮದು ಫೋನಲ್ಲಿ ನೋಡ್ದೆ. ಎಷ್ಟು ಮೂಟೆ ಬೇಕು?"

"ಏನು ಎಷ್ಟು ಮೂಟೆ?"

"ರಾಗಿ ಕಣಮ್ಮ. ಕಲ್ಲಿಲ್ಲ, ಮಣ್ಣಿಲ್ಲ. ಬಂದು ನೋಡ್ಕೊಂಡು ಓಗಿ."

"ಅಣ್ಣಾ, ನಾವು ರಾಗಿ ತಗೊಳ್ಳೋರಲ್ಲ. ಮಕ್ಕಳಿಗೆ ರಾಗಿ ಸರಿ ಹಿಟ್ಟು ಮಾಡಿ ಮಾರೋರು."

"ಮಾರೋರಾ?" ಆ ಕಡೆಯ ದನಿಗೆ ಮೋಸ ಹೋದಂತಾಯಿತು. "ಮತ್ತೆ ನಂಗ್ಯಾಕೆ ತೋರಿಸ್ತೀರಾ ದಿನಾ? ನಮ್ಮನೇಲೇ ಎಂಟು ಮೂಟೆ ಬಿದ್ದೈತೆ. ನಮ್ಮಮ್ಮ ನಿಮಗೇ ಸರಿ ಮಾಡೋದು ಏಳ್ಕೊಡ್ತಾಳೆ, ಮಾತಾಡ್ತೀರಾ?"

ಅಂಥ ಕರೆ ಅದು ಐದನೆಯದು. ಕಲ್ಪನ ಫೋನನ್ನು ಮತ್ತೆ ಕಂಬಿಗೆ ಸಿಕ್ಕಿಸಿ ಕೂತಳು. ಗೋಡೆಯುದ್ದಕ್ಕೂ ನಲವತ್ತು ಪೊಟ್ಟಣಗಳು ಜೋಡಿಸಿಟ್ಟ ಹಾಗೇ ಇದ್ದವು.

ಇದೆಲ್ಲ ಶುರುವಾದದ್ದು ಚೈತ್ರಳಿಗೆ ಆರು ತಿಂಗಳು ತುಂಬಿದಾಗ. ಮಗುವಿಗೆಂದು ಕಲ್ಪನ ರಾಗಿ ನೆನೆಸಿ, ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿಸಿಕೊಂಡು ಬಂದು, ಹಳೆಯ ಪಂಚೆಯ ತೆಳುಬಟ್ಟೆಯಲ್ಲಿ ಮೂರು ಸಲ ಜರಡಿ ಹಿಡಿದಿದ್ದಳು. ಗಂಡ ಸುಧಾಕರ್ ದಿನಾ ಬಂಗಾರಪೇಟೆಯಲ್ಲಿ ರೈಲು ಹತ್ತಿ ವೈಟ್‌ಫೀಲ್ಡಿನ ಗೋದಾಮಿಗೆ ಕೆಲಸಕ್ಕೆ ಹೋಗುವವನು. ಅಲ್ಲಿ ಜೊತೆಯವನೊಬ್ಬನ ಹೆಂಡತಿ ಒಂದು ಡಬ್ಬಿ ತರಿಸಿಕೊಂಡಳು, ಆಮೇಲೆ ಅವಳ ತಂಗಿ ಎರಡು ತರಿಸಿಕೊಂಡಳು. ಬೆಂಗಳೂರಿನ ತಾಯಂದಿರಿಗೆ ಇದು ಬೇಕಾಗಿದೆ ಎಂದು ಕಲ್ಪನಳಿಗೆ ಹೊಳೆದದ್ದು ಆಗಲೇ.

ಅದೇ ಹೊತ್ತಿಗೆ ಸುಧಾಕರನ ಗೆಳೆಯ ಗೋಪಿನಾಥ್ ಇನ್ನೊಂದು ದಾರಿ ಹಿಡಿದು ಬಂದ. ಅವನು ವೇಮಗಲ್ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಒಂದನೇ ತಾರೀಕಿಗೆ ಹೊಸ ಬ್ಯಾಚು ಬರುತ್ತದೆ, ಕಲ್ಪನಳಿಗೊಂದು ಜಾಗ ಹಿಡಿದಿದ್ದೇನೆ ಎಂದ. ಬೆಳಿಗ್ಗೆ ಐದೂವರೆಗೆ ವ್ಯಾನು ಊರಿನ ಮುಂದೆ ಬರುತ್ತದೆ, ವಾಪಸ್ಸು ಬಿಡುವುದು ಸಂಜೆ ಏಳೂವರೆಗೆ. ಫೋನು ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕು.

ಚೈತ್ರ ಬಾಟಲಿ ಬಾಯಿಗಿಡುತ್ತಿರಲಿಲ್ಲ. ನಿದ್ದೆ ಬರಬೇಕಾದರೆ ತಾಯಿಯ ಸೆರಗಿನ ತುದಿ ಮುಷ್ಟಿಯಲ್ಲಿರಬೇಕು, ಬೇರೆ ಸೀರೆ ಕೊಟ್ಟರೆ ಮೂಸಿ ನೋಡಿ ಎಸೆಯುತ್ತಿತ್ತು. ಹದಿನಾಲ್ಕು ಗಂಟೆ ಈ ಮಗುವನ್ನು ಬಿಟ್ಟಿರುವುದು ಕಲ್ಪನಳಿಗೆ ಊಹಿಸಲೂ ಆಗುತ್ತಿರಲಿಲ್ಲ.

ಸುಧಾಕರ್ ಕೆಟ್ಟವನಲ್ಲ. ಗಟ್ಟಿಯಾಗಿ ಹಿಡಿದುಕೊಳ್ಳಲು ಏನಾದರೊಂದು ಬೇಕು ಎನ್ನುವವನು, ಅಷ್ಟೆ. "ಒಂದನೇ ತಾರೀಕಿನ ತನಕ ನಿನ್ನ ಇಷ್ಟ ಬಂದಂಗೆ ಮಾಡು. ಅಷ್ಟರಲ್ಲಿ ಹತ್ತು ಆರ್ಡರ್ ಬಂದ್ರೆ ಗೋಪಿಗೆ ನಾನೇ ಬೇಡ ಅಂತೀನಿ. ಬರಲಿಲ್ಲ ಅಂದ್ರೆ ಮಾತಿಲ್ಲದೆ ವ್ಯಾನು ಹತ್ತು" ಎಂದಿದ್ದ.

ಕಲ್ಪನ ಅದೇ ವಾರ ಮಗುವನ್ನು ಸೊಂಟಕ್ಕೇರಿಸಿಕೊಂಡು ಕೆಜಿಎಫ್‌ಗೆ ಹೋದಳು. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ ಹಿಂದಿನ ಬೀದಿಯಲ್ಲಿ, ಟೈಲರ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಅರ್ಚನ ಎಂಬ ಹುಡುಗಿ ಅಂಗಡಿಗಳಿಗೆ ಫೋನಿನಲ್ಲಿ ಬರುವ ಜಾಹೀರಾತು ಮಾಡಿಕೊಡುತ್ತಿದ್ದಳು. ಚೈತ್ರಳ ಪುಟ್ಟ ಕೈ ಮಕ್ಕಳಿಗೆ ಕುಡಿಸುವ ಬೆಳ್ಳಿಯ ಒಳಲೆಗೆ ಚಾಚಿದ ಹಾಗೆ ಫೋಟೋ ತೆಗೆದು, ಅಂದವಾಗಿ ಅಕ್ಷರ ಬರೆದು, ಹನ್ನೆರಡನೇ ತಾರೀಕು ಅದನ್ನು ಬಿಟ್ಟಳು.

"ಅಕ್ಕಾ, ಇನ್ನು ಹದಿನಾಲ್ಕು ದಿನ ಇದನ್ನ ಮುಟ್ಟಬೇಡಿ. ಫೋಟೋ ಬದಲಾಯಿಸಿ, ಮಾತು ಬದಲಾಯಿಸಿ ಅಂತ ನನಗೂ ಫೋನ್ ಮಾಡಬೇಡಿ. ಯಾರು ಒತ್ತುತ್ತಾರೆ ಅಂತ ನೋಡಿ ನೋಡಿ, ಅಂಥವರನ್ನೇ ಹುಡುಕ್ಕೊಂಡು ಹೋಗೋದನ್ನ ಅದು ತಾನೇ ಕಲಿಯುತ್ತೆ. ಮಧ್ಯ ಕೈ ಹಾಕಿದ್ರೆ ಮತ್ತೆ ಮೊದಲಿಂದ. ಕೊಂಜಂ ಪೊರುಮೈ ಅಕ್ಕಾ, ಸ್ವಲ್ಪ ತಾಳ್ಕೊಳ್ಳಿ."

ತಾಳಿಕೊಳ್ಳುವುದು ಕಲ್ಪನಳಿಗೆ ಹೊಸದಲ್ಲ. ಆದರೆ ಹೊಲದ ಕೆಲಸದಲ್ಲೋ ಹಸುವಿನ ಆರೈಕೆಯಲ್ಲೋ ಕಾಯುವಾಗ ಕೈಗೆ ಏನಾದರೂ ಕೆಲಸವಿರುತ್ತದೆ. ನೀರು ಕಟ್ಟಬಹುದು, ಮೈ ತಿಕ್ಕಬಹುದು. ಇಲ್ಲಿ ಕೈಯನ್ನು ಕಟ್ಟಿಕೊಂಡೇ ಕಾಯಬೇಕು. ತಂಗಿಯ ಮಗನ ನಾಮಕರಣಕ್ಕೂ ಅವಳು ಹೋಗಲಿಲ್ಲ, ದಾರಿಯಲ್ಲಿ ಸಿಗ್ನಲ್ ಹೋದಾಗಲೇ ಆರ್ಡರ್ ಬಂದರೆ ಎಂದು. ಸ್ನಾನಕ್ಕೆ ಹೋದರೂ ಅತ್ತೆಯನ್ನು ಕಿಟಕಿಯ ಹತ್ತಿರ ಕೂರಿಸಿ ಹೋಗುವಳು. ಎಷ್ಟು ಜನ ಒತ್ತಿದರು ಎಂಬ ಲೆಕ್ಕ ಫೋನಿನಲ್ಲಿ ಕಾಣುತ್ತಿತ್ತು. ಮೂರನೇ ದಿನಕ್ಕೆ ತೊಂಬತ್ತು, ಆರನೇ ದಿನಕ್ಕೆ ಇನ್ನೂರು. ಅಷ್ಟು ಜನ ಬಾಗಿಲ ತನಕ ಬಂದು ಬಾಗಿಲು ಮುಟ್ಟಿ ಹೋಗುತ್ತಿದ್ದರು, ಒಬ್ಬರೂ ಒಳಗೆ ಕಾಲಿಡುತ್ತಿರಲಿಲ್ಲ.

"ಏನಂತಮ್ಮಾ, ಬಂತಾ?" ಎಂದು ಅತ್ತೆ ಚಿಕ್ಕವೆಂಕಟಮ್ಮ ಗಂಟೆಗೊಂದು ಸಲ ಬಾಗಿಲಲ್ಲಿ ಇಣುಕುವರು.

"ಇಲ್ಲ ಅತ್ತೆ. ಒತ್ತೋರು ಒತ್ತುತ್ತಾನೇ ಇದಾರೆ."

"ಒತ್ತುತಾ ಅವ್ರಲ್ಲ! ಅಷ್ಟು ಸಾಕು ಬಿಡು. ಬತ್ತದೆ." ಅವರ ಮುಖದಲ್ಲಿ ಏನೋ ಒಳಗೊಳಗಿನ ಸಮಾಧಾನ. ಅದು ತನ್ನನ್ನು ಧೈರ್ಯಗೊಳಿಸಲು ಹಾಕಿಕೊಂಡ ಮುಖ ಎಂದು ಕಲ್ಪನ ತಿಳಿದಿದ್ದಳು.

ಹನ್ನೊಂದನೇ ದಿನ ತಡೆಯಲಾಗಲಿಲ್ಲ. ಬಂಗಾರಪೇಟೆಯಲ್ಲಿ ಬಸ್ಸು ಬದಲಾಯಿಸಿ ರಾಬರ್ಟ್‌ಸನ್‌ಪೇಟೆ ತಲುಪಿ, ಟೈಲರ್ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದಳು. ರಾಗಿ ಮಾರಲು ಬರುವ ಕರೆಗಳ ಕಥೆ ಕೇಳಿ ಅರ್ಚನ ಮೊದಲು ನಕ್ಕಳು. ಕಂಪ್ಯೂಟರ್ ನೋಡುತ್ತಾ ನೋಡುತ್ತಾ ನಗು ನಿಂತಿತು.

"ನಾನೂರ ಹದಿನೆಂಟು ಸಲ ಒತ್ತಿದಾರೆ. ಆದರೆ ಅಕ್ಕಾ, ಬೆಂಗಳೂರಿಂದ ಇಪ್ಪತ್ತೂ ಇಲ್ಲ. ಎಲ್ಲಾ ನಮ್ಮ ಜಿಲ್ಲೇನೇ. ಮುಕ್ಕಾಲು ಪಾಲು ಐವತ್ತು ದಾಟಿದ ಹೆಂಗಸರು. ಸ್ವಲ್ಪ ಗಂಡಸರೂ ಇದ್ದಾರೆ."

"ಅವರು ಯಾಕೆ ಒತ್ತಿದ್ರು?"

"ಅದೇ ಗೊತ್ತಾಗ್ತಿಲ್ಲ. ಮಾಮೂಲಾಗಿ ಜನ ಊಟ ಆದ್ಮೇಲೆ ಫೋನ್ ನೋಡ್ತಾರೆ. ಇವರು ದಿನಾ ಬೆಳಿಗ್ಗೆ ಆರರಿಂದ ಏಳರೊಳಗೇ ಒತ್ತುತ್ತಾರೆ. ಪೂಜೆ ಮಾಡಿದ ಹಾಗೆ! ಇವರೇ ಗಿರಾಕಿ ಅಂದ್ಕೊಂಡು ಅದು ಇಂಥವರನ್ನೇ ಹುಡುಕ್ಕೊಂಡು ಹಳ್ಳಿ ಹಳ್ಳಿ ತಿರುಗ್ತಾ ಇದೆ. ಬೆಂಗಳೂರಿನ ಕಡೆ ತಲೇನೇ ಹಾಕಿಲ್ಲ." ಅರ್ಚನ ಹಣೆ ಒತ್ತಿಕೊಂಡಳು. "ನಂದೂ ತಪ್ಪಿದೆ ಅಕ್ಕಾ, ನಮ್ಮ ಜಿಲ್ಲೇನ ನಾನು ಸೇರಿಸಬಾರದಿತ್ತು. ಈಗ ಇದನ್ನ ನಿಲ್ಲಿಸಿ, ಬರೀ ಬೆಂಗಳೂರಿಗೆ ಹೊಸದು ಬಿಡಬೇಕು. ಅದಕ್ಕೆ ಮುಂಚೆ ಈ ಒತ್ತೋರು ಯಾರು ಅಂತ ನೋಡಿ, ನಿಲ್ಲಿಸಿ. ಇಲ್ಲಾಂದ್ರೆ ಅದೂ ಕೆಡುತ್ತೆ."

"ಹೊಸದು ಅಂದ್ರೆ?"

"ಮತ್ತೆ ಹದಿನಾಲ್ಕು ದಿನ."

ಕಲ್ಪನ ಬೆರಳು ಮಡಿಸಿದಳು. ಅಂದು ಇಪ್ಪತ್ತೆರಡು. ನಾಳೆ ಬಿಟ್ಟರೂ ಮುಂದಿನ ತಿಂಗಳ ಆರನೇ ತಾರೀಕು ಆಗುತ್ತದೆ. ವ್ಯಾನು ಒಂದನೇ ತಾರೀಕೇ ಬಂದುಬಿಡುತ್ತದೆ.

ಬಸ್ಸಿನಲ್ಲಿ ಮಗು ತೊಡೆಯ ಮೇಲೆ ನಿದ್ದೆಹೋಯಿತು. ಆರರಿಂದ ಏಳು, ಆರರಿಂದ ಏಳು ಎಂದು ಕಲ್ಪನಳ ತಲೆ ಸುತ್ತುತ್ತಿತ್ತು. ಬೂದಿಕೋಟೆಯ ರಸ್ತೆಗೆ ಬಸ್ಸು ಹೊರಳುವಾಗ ಅವಳಿಗೆ ನೆನಪಾಯಿತು. ಈಗೀಗ ಅತ್ತೆ ದಿನಾ ಬೆಳಿಗ್ಗೆ ದೀಪ ಹಚ್ಚಿದ ಕೂಡಲೇ ಮಾವನ ಫೋನು ಸೆರಗಿನಲ್ಲಿ ಸುತ್ತಿಕೊಂಡು ಪಾಪಕ್ಕನ ಮನೆಗೆ ಹೋಗುತ್ತಿದ್ದಾರೆ. ನಾದಿನಿಯ ಜೊತೆ ಫೋನಿನಲ್ಲಿ ಮಾತಾಡುವುದಕ್ಕೆ ಇರಬೇಕು, ಸೊಸೆಯ ಕಿವಿಗೆ ಬೀಳಬಾರದ ಮಾತು ಇರಬೇಕು ಎಂದುಕೊಂಡು ಅವಳು ಕೇಳಿರಲಿಲ್ಲ.

ಪಾಪಕ್ಕನ ಕೈಗುಣ ಸುತ್ತಮುತ್ತಲ ಊರಿಗೆಲ್ಲ ಗೊತ್ತಿದ್ದುದೇ. ಟೊಮೇಟೊ ನಾಟಿಗೆ ಮೊದಲ ಸಸಿ ಅವಳೇ ಇಡಬೇಕು. ಬೂದಿಕೋಟೆಯಲ್ಲಿ ಹೊಸ ಅಂಗಡಿ ತೆರೆದವರು ಆಟೋ ಕಳಿಸಿ ಅವಳನ್ನು ಕರೆಸಿಕೊಂಡು, ಬೆಳಗಿನ ಮೊದಲ ವ್ಯಾಪಾರವನ್ನು, ಅಂದರೆ ಬೋಣಿಯನ್ನು, ಅವಳ ಕೈಯಿಂದಲೇ ಮಾಡಿಸುತ್ತಿದ್ದರು. ಬೋಣಿ ಪಾಪಕ್ಕನದಾದರೆ ಆ ದಿನ ಅಂಗಡಿಗೆ ಗಿರಾಕಿ ತಪ್ಪುವುದಿಲ್ಲ ಎಂಬ ನಂಬಿಕೆ.

ಮರುದಿನ ಬೆಳಿಗ್ಗೆ ಅತ್ತೆ ಹೊರಟ ಸ್ವಲ್ಪ ಹೊತ್ತಿಗೆ ಕಲ್ಪನ ಮಗುವನ್ನೆತ್ತಿಕೊಂಡು ಹಿಂದೆಯೇ ಹೋದಳು.

ಪಾಪಕ್ಕನ ಜಗಲಿಯ ಮೇಲೆ ಎಂಟು ಹತ್ತು ಹೆಂಗಸರು. ನಡುವೆ ಒಂದು ಮೊರ, ಮೊರದಲ್ಲಿ ಫೋನುಗಳು, ಒಂದೊಂದರ ಮೂಲೆಗೂ ಕುಂಕುಮದ ಬೊಟ್ಟು. ಪಾಪಕ್ಕ ಮೂಡಣಕ್ಕೆ ಮುಖ ಮಾಡಿ ಕೂತು ಒಂದೊಂದೇ ಫೋನನ್ನು ಎತ್ತಿ ಕಣ್ಣಿಗೊತ್ತಿಕೊಂಡು, ಬಲಗೈ ಹೆಬ್ಬೆರಳಿನಿಂದ ಒತ್ತಿ, ಅದರ ಒಡತಿಗೆ ಕೊಡುತ್ತಿದ್ದಳು. ಒಡತಿಯೂ ಒಮ್ಮೆ ಒತ್ತಬೇಕು.

"ಪಾಪಕ್ಕಾ, ಇವತ್ತು ನಂದ್ರಲ್ಲಿ ಕಲ್ಪನನ ಬೋರ್ಡು ಬಂದೇ ಇಲ್ಲ" ಎಂದಳು ಅವರಲ್ಲೊಬ್ಬಳಾದ ಅನಸೂಯಮ್ಮ. ಜಾಹೀರಾತನ್ನು ಅವರೆಲ್ಲ ಬೋರ್ಡು ಎನ್ನುತ್ತಿದ್ದರು.

"ಇನ್ನೂ ಕೆಳಕ್ಕೆ ತಳ್ಳು. ಆ ಮೀಸೆ ಗಂಡಸು ಕುಣಿಯೋದ್ನೇ ನೋಡ್ಕೊಂಡು ಕೂತ್ರೆ ಬೋರ್ಡು ಎಲ್ಲಿಂದ ಬತ್ತದೆ?"

"ಕುಣೀಲಿ ಬಿಡಕ್ಕ, ನಮ್ಮನೆಯೋನಂತೂ ಕುಣಿಯಾಕಿಲ್ಲ."

ಜಗಲಿಯೆಲ್ಲ ನಕ್ಕಿತು. ಆ ನಗುವಿನ ನಡುವೆ ಚಿಕ್ಕವೆಂಕಟಮ್ಮನವರು ಸೊಸೆಯನ್ನು ಕಂಡರು. ಕದಿಯುವಾಗ ಸಿಕ್ಕಿಬಿದ್ದ ಮಗುವಿನ ಹಾಗೆ ಕೆಂಪಾದರು.

"ಬಾರಮ್ಮಾ, ಬಾ" ಎಂದು ಪಾಪಕ್ಕ ಜಾಗ ಬಿಟ್ಟಳು. "ಗೊತ್ತಾದ್ರೆ ನೀನು ಬೇಡ ಅಂತೀಯ ಅಂತ ನಿಮ್ಮತ್ತೆ ನಿಂಗೆ ಏಳಿಲ್ಲ. ವ್ಯಾಪಾರ ಅಂದಮೇಲೆ ಬೋಣಿ ಇಲ್ದೆ ಎಂಗಮ್ಮಾ ಆಗುತ್ತೆ? ನೋಡು, ಮೊದಲ್ನೇ ದಿನದಿಂದ ಒಂದಿನಾನೂ ತಪ್ಸಿಲ್ಲ. ನಮ್ಮ ಮಹಿಳಾ ಸಂಘದೋರ್ಗೆಲ್ಲ ಏಳಿದೀನಿ, ಅವರ ನೆಂಟರೂರಿಗೂ ಏಳಿ ಕಳಿಸೀನಿ. ಈ ಕೂಸನ್ನ ಬಿಟ್ಟು ಆ ಫ್ಯಾಕ್ಟ್ರಿಗೆ ನೀನು ಓಗಬಾರ್ದು. ಅಷ್ಟೇ ನಮಗೆ."

ಇಪ್ಪತ್ತು ಕಣ್ಣುಗಳು ಕಲ್ಪನಳನ್ನು ನೋಡುತ್ತಿದ್ದವು. ಯಾರ ಮುಖದಲ್ಲೂ ಎಳ್ಳಷ್ಟು ಕಲ್ಮಶವಿರಲಿಲ್ಲ. ಒತ್ತಬೇಡಿ ಎನ್ನಲು ಬಂದವಳು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು. ಪಾಪಕ್ಕ ಅವಳ ಹಣೆಗೆ ಕುಂಕುಮವಿಟ್ಟು, ಮಾವನ ಫೋನನ್ನು ಕೈಗಿಟ್ಟಳು.

"ಒತ್ತಮ್ಮಾ, ನೀನೂ ಒಂದ್ಸಲ. ಮಾಲಕ್ಷ್ಮಿ ನೀನೇ ಅಲ್ವಾ ಇದಕ್ಕೆ."

ಫೋನಿನಲ್ಲಿ ಚೈತ್ರಳ ಪುಟ್ಟ ಕೈ. ಸೊಂಟದ ಮೇಲಿದ್ದ ಮಗುವೂ ಅದನ್ನು ಹಿಡಿಯಲು ಬಾಗಿತು. ಕಲ್ಪನ ಕಣ್ಣು ಮುಚ್ಚಿ ಒತ್ತಿದಳು. ಬೇರೇನೂ ಮಾಡಲು ಅವಳಿಂದಾಗಲಿಲ್ಲ.

ಮನೆಗೆ ಬಂದಮೇಲೆ ಉಗ್ರಾಣದಲ್ಲಿ ಅತ್ತೆ ಸೊಸೆ ಎದುರುಬದುರು ಕೂತು ಹಿಟ್ಟು ಜರಡಿ ಹಿಡಿಯುತ್ತಿದ್ದರು. ಒಂದು ಸೇರು ಮುಗಿಯುವ ತನಕ ಕಲ್ಪನ ಮಾತು ಹುಡುಕಿದಳು.

"ಅತ್ತೆ, ಬುಟ್ಟಿ ಹೊತ್ಕೊಂಡು ಮಾರೋನೊಬ್ಬ ಇದಾನೆ ಅಂದ್ಕೊಳ್ಳಿ. ಅವನಿಗೆ ಊರು ಗೊತ್ತಿಲ್ಲ. ಯಾವ ಬೀದೀಲಿ ಕರೀತಾರೋ ಆ ಬೀದೀಲೇ ಮತ್ತೆ ಮತ್ತೆ ತಿರುಗ್ತಾನೆ. ಕರೆಯದ ಬೀದಿ ಕಡೆ ತಿರುಗಿ ನೋಡಲ್ಲ."

"ಹೂಂ. ಬಳೆಯೋನು ಅಂಗೇ ಮಾಡೋದು."

"ನಮ್ಮ ಬೋರ್ಡೂ ಅಂಥದ್ದೇ ಅತ್ತೆ. ಒತ್ತೋದು ಅಂದ್ರೆ ಕರೆದ ಹಾಗೆ."

ಚಿಕ್ಕವೆಂಕಟಮ್ಮನವರ ಕೈ ನಿಂತಿತು.

"ಅಂದ್ರೆ ನಾವು ದಿನಾ ಕರೆದು ಕರೆದು, ಅವನು ನಮ್ಮ ಬೀದೀಲೇ ಸುತ್ತುತಾವ್ನೆ. ನಮ್ಮನೇಲೋ ರಾಗಿ ಮೂಟೆ ಮೂಟೆ ಐತೆ. ಕೊಳ್ಳೋರ ಬೀದಿ ಅವನಿಗೆ ಗೊತ್ತೇ ಆಗ್ಲಿಲ್ಲ. ಅಷ್ಟೇನಾ?"

"ಹೂಂ ಅತ್ತೆ."

"ನನ್ನ ಕೈಯಾರೆ ಮಾಡ್ಬಿಟ್ನಲ್ಲಮ್ಮಾ." ಅವರು ಅಳಲಿಲ್ಲ. ಹಿಟ್ಟಿನ ಕೈಯಲ್ಲೇ ಚೈತ್ರಳ ಪಾದವನ್ನು ಹಿಡಿದುಕೊಂಡು ಕೂತರು. ಆಮೇಲೆ ಎದ್ದು, ಮತ್ತೆ ನಡೆದುಕೊಂಡು ಹೋಗಿ, ಪಾಪಕ್ಕನಿಗೆ ತಾವೇ ಹೇಳಿ ಬಂದರು. ಏನು ಹೇಳಿದರೋ, ಪಾಪಕ್ಕ ಏನೆಂದಳೋ, ಸೊಸೆಗೆ ಹೇಳಲಿಲ್ಲ. "ಇನ್ಮೇಲೆ ಯಾರೂ ಒತ್ತಲ್ಲ" ಎಂದರು, ಅಷ್ಟೆ. ಕಲ್ಪನ ಅರ್ಚನಳಿಗೆ ಫೋನ್ ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಹೊಸ ಜಾಹೀರಾತು ಶುರುವಾಯಿತು. ಅದು ಇಪ್ಪತ್ಮೂರನೇ ತಾರೀಕು, ಮತ್ತೆ ಒಂದನೇ ದಿನ.

ಗಂಡನಿಗೆ ಹೇಳುವುದು ಉಳಿದಿತ್ತು. ಸಂಜೆ ಸುಧಾಕರ್ ಬಂದು ಕೈಕಾಲು ತೊಳೆದು ಮುದ್ದೆಗೆ ಕೂತಾಗ, ಕಲ್ಪನ ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿಬಿಟ್ಟರು.

"ಲೇ ಸುಧಾಕರ, ಇವಳ ವ್ಯಾಪಾರ ಕೆಡಿಸಿದ್ದು ನಾನು ಕಣ್ಲಾ. ಬೈಯೋದಾದ್ರೆ ನನ್ನ ಬೈ."

ಎಲ್ಲವನ್ನೂ ಕೇಳುತ್ತಾ ಅವನು ಮುದ್ದೆ ಮುರಿಯುತ್ತಲೇ ಇದ್ದ, ನುಂಗುತ್ತಿರಲಿಲ್ಲ. ಬೈಗುಳ ಎಲ್ಲಿಂದ ಶುರುವಾಗುತ್ತದೆಯೋ ಎಂದು ಕಲ್ಪನ ಕಾಯುತ್ತಿದ್ದಳು.

"ಗಂಡಸರೂ ಒತ್ತಿದಾರೆ ಅಂದ್ಲಾ ಆ ಹುಡುಗಿ?" ಎಂದು ಅವನು ಕೇಳಿದ.

"ಹೌದು. ಸ್ವಲ್ಪ ಜನ."

"ಹನ್ನೆರಡು ಜನ." ಸುಧಾಕರ್ ತಟ್ಟೆಯಿಂದ ಮುಖ ಎತ್ತಲಿಲ್ಲ. "ನಮ್ಮ ಬೋಗಿಯೋರು. ದಿನಾ ಟೇಕಲ್ ಸ್ಟೇಷನ್ ದಾಟೋವಾಗ ಎಲ್ಲರ ಕೈಲೂ ಒತ್ತಿಸ್ತಿದ್ದೆ. ಒಬ್ಬ ಮರೆತ್ರೆ ಮಲಗಿದ್ದೋನನ್ನ ಎಬ್ಬಿಸ್ತಿದ್ದೆ. ನಂಬರ್ ಜಾಸ್ತಿ ಆದಷ್ಟೂ ಒಳ್ಳೇದು ಅಂದ್ಕೊಂಡಿದ್ದೆ."

ಮೊದಲು ನಕ್ಕವರು ಅತ್ತೆ. ಬಾಯಿಗೆ ಸೆರಗು ಹಿಡಿದರೂ ನಿಲ್ಲಲಿಲ್ಲ. "ನನ್ನ ಮಗನೇ ಕಣಪ್ಪಾ ನೀನು" ಎಂದು ಇನ್ನೂ ನಕ್ಕರು. ಕಲ್ಪನಳಿಗೆ ನಗು ಬರಲಿಲ್ಲ. ಈ ಮನುಷ್ಯ ಮನೆಯಲ್ಲಿ ಹತ್ತು ಆರ್ಡರ್ ಎಂದು ಗೆರೆ ಎಳೆದು, ರೈಲಿನಲ್ಲಿ ನಿದ್ದೆ ಮಾಡುವವರನ್ನು ಎಬ್ಬಿಸುತ್ತಿದ್ದನಲ್ಲ ಎಂದು ಅವನ ಬಗ್ಗಿದ ತಲೆಯನ್ನೇ ನೋಡುತ್ತಿದ್ದಳು.

"ಇನ್ನು ಒತ್ತಿಸಬೇಡಿ" ಎಂದಳು. "ನೀವು ದಿನಾ ಕೆಲಸಕ್ಕೆ ಹೋಗೋದು ಬೆಂಗಳೂರಿಗೆ. ಅಲ್ಲಿ ಒತ್ತಿದ್ರೆ ಹೊಸದೂ ಹಾಳಾಗುತ್ತೆ. ಹದಿನಾಲ್ಕು ದಿನ ಯಾರೂ ಮುಟ್ಟಬಾರದು. ಆರನೇ ತಾರೀಕಿನ ತನಕ ನಂಗೆ ಬಿಡಿ. ಆಮೇಲೂ ಬರಲಿಲ್ಲ ಅಂದ್ರೆ ನೀವು ಹೇಳೋದೇ ಬೇಡ, ನಾನೇ ಹೋಗ್ತೀನಿ."

"ಗೋಪಿ ಆರನೇ ತಾರೀಕಿನ ತನಕ ಜಾಗ ಇಟ್ಟಿರಲ್ಲ. ಮುಂದಿನ ಬ್ಯಾಚು ಯಾವಾಗ್ಲೋ ಏನೋ." ಅವನು ಎದ್ದು ಕೈ ತೊಳೆದ. "ನೋಡಾನ" ಎಂದ. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ.

ಆ 'ನೋಡಾನ'ದೊಳಗೆ ಕಲ್ಪನ ಎಂಟು ದಿನ ಸಿಕ್ಕಿಕೊಂಡಿದ್ದಳು. ರಾಗಿ ಮಾರುವವರ ಕರೆಗಳು ನಿಂತವು. ಫೋನು ಕಂಬಿಯ ನಡುವೆ ಸತ್ತ ಹಾಗೆ ಕೂತಿತು. ಒತ್ತಿದವರ ಲೆಕ್ಕ ಎರಡು, ಐದು, ಏಳು ಎಂದು ತೆವಳಿತು. ಅತ್ತೆ ಈಗ ಬಾಗಿಲಲ್ಲಿ ಇಣುಕುತ್ತಿರಲಿಲ್ಲ. ತಮ್ಮ ಕಣ್ಣು ಬಿದ್ದರೂ ಕೆಡಬಹುದೆಂಬ ಹಾಗೆ ಉಗ್ರಾಣದ ಮುಂದೆ ಹಾಯುವಾಗ ಮುಖ ತಿರುಗಿಸುತ್ತಿದ್ದರು.

"ಈಗ ನಮ್ಮ ಫೋನಲ್ಲಿ ಬೋರ್ಡು ಬರೋದೇ ಇಲ್ಲ ಕಣಮ್ಮ" ಎಂದರು ಒಂದು ದಿನ. "ನಮ್ಮ ಮಗೂನ ಕೈ ನೋಡಾಕೆ ಚೆನ್ನಾಗಿತ್ತು."

"ಮಗು ನಿಮ್ಮ ಮಡಿಲಲ್ಲೇ ಇದೆಯಲ್ಲ ಅತ್ತೆ."

"ಫೋನಲ್ಲಿ ಬರೋದು ಬೇರೆ."

ಅದೇ ಮಡಿಲಲ್ಲಿ ಅವರು ಚೈತ್ರಳಿಗೆ ಒಳಲೆಯಲ್ಲಿ ಹಾಲು ಕುಡಿಸುವುದನ್ನು ಅಭ್ಯಾಸ ಮಾಡಿಸುತ್ತಿದ್ದರು. ಯಾರೂ ಹೇಳಿರಲಿಲ್ಲ. ಮಗು ಅರ್ಧ ಉಗುಳಿ ಅರ್ಧ ನುಂಗುತ್ತಿತ್ತು. ನುಂಗಿದಾಗ ಅತ್ತೆ ಸಂತೋಷಪಡುತ್ತಿದ್ದರು. ಕಲ್ಪನ ಸಂತೋಷಪಡಬೇಕಾದದ್ದೇ. ಆದರೆ ಒಂದೊಂದು ಗುಟುಕಿಗೂ ವ್ಯಾನು ಒಂದೊಂದು ಮಾರು ಹತ್ತಿರ ಬಂದ ಹಾಗೆ ಅವಳಿಗನ್ನಿಸುತ್ತಿತ್ತು. ಮೂವತ್ತನೇ ತಾರೀಕು ಸಂಜೆ ಆಧಾರ್ ಕಾರ್ಡನ್ನೂ ಎರಡು ಫೋಟೋಗಳನ್ನೂ ಚೀಲದಲ್ಲಿಟ್ಟಳು. ಸುಧಾಕರ್ ಚೀಲವನ್ನು ಒಮ್ಮೆ ನೋಡಿ ಊಟಕ್ಕೆ ಕೂತ.

ಒಂದನೇ ತಾರೀಕು ನಸುಕಿನಲ್ಲಿ ವ್ಯಾನು ಬಂತು. ಪಕ್ಕದ ಬೀದಿಯ ಅಂಬಿಕ ಆಗಲೇ ಆ ಫ್ಯಾಕ್ಟರಿಗೆ ಹೋಗಿಬರುತ್ತಿದ್ದಳು, ಅವಳಿಗಾಗಿ ಒಂದು ಹಾರನ್, ಹೊಸಬಳಿಗಾಗಿ ಇನ್ನೊಂದು. ಕಲ್ಪನ ತಲೆ ಬಾಚಿಕೊಂಡು ಸಿದ್ಧವಾಗಿದ್ದಳು. ಮಗು ಅವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದೇ ಮಲಗಿತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ ಇದ್ದಳು. ಮೂರನೇ ಬೆರಳಿಗೆ ಬಂದಾಗ ಸುಧಾಕರ್ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ ಸದ್ದಾಯಿತು. ರಸ್ತೆಯಲ್ಲಿ ಏನೋ ಮಾತು. ಆಮೇಲೆ ವ್ಯಾನಿನ ಬಾಗಿಲು ಎಳೆದ ಸದ್ದು. ಎಂಜಿನ್ ದೂರವಾಯಿತು.

ಅವನು ಒಳಗೆ ಬಂದು ಹೊಸಿಲ ಬಳಿ ನಿಂತ.

"ಗೋಪಿ ಒಂದು ತಿಂಗಳು ನನ್ನ ಜೊತೆ ಮಾತಾಡಲ್ಲ" ಎಂದ. "ಇವತ್ತು ಎಷ್ಟನೇ ದಿನ?"

"ಒಂಬತ್ತು."

"ಇನ್ನೈದು ಐತೆ." ಅಷ್ಟು ಹೇಳಿ ಬೈಕಿನ ಕೀಲಿ ಹುಡುಕಿಕೊಂಡು ರೈಲಿಗೆ ಹೊರಟ.

ಕಲ್ಪನಳಿಗೆ ಬಿಡುಗಡೆಯಾದ ಹಾಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಗಂಡ ಗೆಳೆಯನ ಮಾತು ಕಳೆದುಕೊಂಡಿದ್ದ, ಅತ್ತೆ ತಮ್ಮ ಸಂಭ್ರಮ ಕಳೆದುಕೊಂಡಿದ್ದರು, ಜಾಗವೂ ಹೋಯಿತು. ಇದೆಲ್ಲದರ ಭಾರ ಈಗ ಕಿಟಕಿಯ ಆ ಎರಡು ಕಂಬಿಗಳ ನಡುವೆ ಕೂತಿತ್ತು. ಮೊದಲಾದರೆ ಸೋತರೆ ವ್ಯಾನಾದರೂ ಇತ್ತು. ಅವಳು ಹೋಗಿ ಚಾಪೆಯ ಮೇಲೆ ತನ್ನ ಜಾಗದಲ್ಲಿ ಕೂತಳು.

ಹತ್ತನೇ ದಿನ ಏನೂ ಇಲ್ಲ. ಹನ್ನೊಂದನೇ ದಿನ ಒತ್ತಿದವರು ಮೂವತ್ತು ದಾಟಿದರು, ಮಾತಿಲ್ಲ. ಹನ್ನೆರಡನೇ ದಿನ ಮಧ್ಯಾಹ್ನ, ಚೈತ್ರ ಎದೆಗಂಟಿಕೊಂಡು ಹಾಲು ಕುಡಿಯುತ್ತಿದ್ದಾಗ ಫೋನು ಒಂದೇ ಸಲ ಚಿಕ್ಕದಾಗಿ ಗುಣುಗಿತು. ಕರೆಯಲ್ಲ, ಸಂದೇಶ. ಮಗುವನ್ನು ಬಿಡಿಸದೆ, ಮೊಣಕಾಲೂರಿ ಎದ್ದು, ಎಡಗೈ ಚಾಚಿ ನೋಡಿದಳು. ಗೊತ್ತಿಲ್ಲದ ನಂಬರು. ಫೋಟೋದಲ್ಲಿ ನಿದ್ದೆಗೆಟ್ಟ ಕಣ್ಣಿನ ಒಬ್ಬ ಹುಡುಗಿ, ಅವಳ ಭುಜದ ಮೇಲೆ ಎಳೆಯ ತಲೆ.

"ನಮಸ್ತೆ. ನನ್ನ ಮಗನಿಗೆ ಏಳು ತಿಂಗಳು. ಏನು ಕೊಟ್ಟರೂ ಉಗುಳುತ್ತಾನೆ. ಇದು ಕೊಡಬಹುದಾ? ಎಷ್ಟು ನೀರು ಹಾಕಬೇಕು?"

ಕಲ್ಪನ ಎರಡು ಸಲ ಓದಿದಳು. ಬೆಲೆ ಬರೆಯಲೇ, ವಿಳಾಸ ಕೇಳಲೇ ಎಂದು ಮನಸ್ಸು ಓಡಿತು. ಆದರೆ ಕೇಳಿದವಳು ಅದನ್ನು ಕೇಳಿರಲಿಲ್ಲ. ಒಂದೇ ಕೈಯಲ್ಲಿ ನಿಧಾನವಾಗಿ ಬರೆದಳು: "ಕೊಡಬಹುದು. ನನ್ನ ಮಗಳೂ ಮೊದಮೊದಲು ಉಗುಳುತ್ತಿದ್ದಳು. ಒಂದು ಚಮಚ ಹಿಟ್ಟಿಗೆ ಒಂದು ದೊಡ್ಡ ಲೋಟ ನೀರು ಹಾಕಿ, ಗಂಟಾಗದ ಹಾಗೆ ತಣ್ಣೀರಲ್ಲೇ ಕದಡಿ ಒಲೆ ಮೇಲಿಡಿ. ಉಗುಳಿದರೆ ಬಲವಂತ ಬೇಡ. ನಾಳೆ ಮತ್ತೆ ಕೊಡಿ."

ಕಳಿಸಿದಳು. ಎರಡು ಟಿಕ್ ಗುರುತು ಬಂದವು, ಆ ಕಡೆ ಓದಿದ ಕೂಡಲೇ ನೀಲಿಯಾದವು. ಆ ಕಡೆಯವಳು ಏನೋ ಬರೆಯುತ್ತಿದ್ದಾಳೆ ಎಂದು ಫೋನು ತೋರಿಸಿತು. ನಿಂತಿತು. ಮತ್ತೆ ಬರೆಯತೊಡಗಿದಳು. ಮತ್ತೆ ನಿಂತಿತು. ಅವಳ ಮಗು ಎದ್ದಿರಬೇಕು.

ಮೊಣಕಾಲು ನೋಯುತ್ತಿತ್ತು. ಹೊರಗಿನಿಂದ ಅತ್ತೆ, ಒಳಗೆ ನೋಡದೆಯೇ, "ಏನಮ್ಮಾ, ಏನೋ ಸದ್ದಾಯ್ತು?" ಎಂದರು.

"ಏನಿಲ್ಲ ಅತ್ತೆ" ಎಂದಳು ಕಲ್ಪನ. "ಒಬ್ಬರ ಮಗು ಊಟ ಮಾಡ್ತಿಲ್ವಂತೆ." ಹಾಗೆಂದು, ಎದೆಯ ಮೇಲಿನ ಚೈತ್ರ ಅಲುಗದ ಹಾಗೆ, ಫೋನೂ ಅಲುಗದ ಹಾಗೆ, ಕಿಟಕಿಯ ಕೆಳಗೆ ಹಾಗೇ ಮೊಣಕಾಲೂರಿ ಕಾಯುತ್ತಿದ್ದಳು.